ನೀವು ಕಟ್ಟಿಸುತ್ತಿರುವ ಮನೆಯನ್ನು ನಾವು ಮಾರಿದ್ದೇವೆ

ದಾವಣಗೆರೆ
ಇಸವಿ 2131, ಎರಡನೇ ಬೇಸಿಗೆಯ ನಾಲ್ಕನೇ ವಾರ

ಹಾಲಪ್ಪಜ್ಜನವರಿಗೂ ಗಿರಿಜವ್ವನವರಿಗೂ ಶರಣು.

ಮೇಲಿನ ಇಸವಿ ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಮಡಚಿ ಎಸೆಯಬೇಡಿ. ನಾನು ನಿಮ್ಮ ಮರಿಮಗಳು, ಕೊಟ್ರಮ್ಮ. ಒಂದನೇ ಕ್ಲಾಸಿಗೆ ಹೋಗುತ್ತಿರುವ ನಿಮ್ಮ ಒಬ್ಬಳೇ ಮಗಳು ಸ್ಪಂದನ ನಮಗೆ ಸ್ಪಂದನಜ್ಜಿ. ನಿಮ್ಮ ಕಾಲದ ಹೊಸ ಹೆಸರುಗಳೆಲ್ಲ ನಮ್ಮ ಕಾಲಕ್ಕೆ ಅಜ್ಜಿಯರ ಹೆಸರುಗಳಾದವು. ಬೇಸತ್ತ ನಮ್ಮ ಅವ್ವ ಅಪ್ಪ ಹುಡುಕಾಡಿ ನನಗೆ ಕೊಟ್ರಮ್ಮ ಎಂದೂ ತಂಗಿಗೆ ಮುರಿಗೆಮ್ಮ ಎಂದೂ ಇಟ್ಟರು. ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಮನೆ ಮಾರಿದ ಸುದ್ದಿಯನ್ನು ಕಟ್ಟಿಸಿದವರಿಗೆ ತಿಳಿಸುವುದು ಕ್ರಮವೆಂದು ಬರೆಯುತ್ತಿದ್ದೇನೆ. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ, ಬೇಸರಿಸಬೇಡಿ.

ಮೊದಲು ಸುದ್ದಿ. ಬಾತಿ ರಸ್ತೆಯ ಪಕ್ಕದ ಮೂವತ್ತು-ನಲವತ್ತರ ಸೈಟಿನಲ್ಲಿರುವ ನಿಮ್ಮ ಮನೆ ಇವತ್ತು ಬೆಳಿಗ್ಗೆ ಮಾರಾಟವಾಯಿತು. ಮಾರಿದವರು ನಾನು ಮತ್ತು ನನ್ನ ಗಂಡ ಬಕ್ಕೇಶ. ಮಾರಲು ಸಾಲ ಕಾರಣವಲ್ಲ, ಕಾಯಿಲೆಯೂ ಕಾರಣವಲ್ಲ. ಮನೆ ಗಟ್ಟಿಯಾಗಿಯೇ ಇದೆ. ಚಾವಣಿಯ ಕಬ್ಬಿಣವನ್ನು ಅವ್ವನ ಕಾಲದಲ್ಲಿ ಒಮ್ಮೆ, ನನ್ನ ಕಾಲದಲ್ಲಿ ಒಮ್ಮೆ ಬದಲಿಸಿದ್ದು ಬಿಟ್ಟರೆ ಗೋಡೆಗಳು ನೀವು ನಿಲ್ಲಿಸಿದವೇ. ನಾಳೆಯಿಂದ ನಾವಿಬ್ಬರೂ ಗಾಲಿಮನೆಯಲ್ಲಿ ಇರುತ್ತೇವೆ. ನಿಮ್ಮಲ್ಲಿ ಪ್ರವಾಸಕ್ಕೆಂದು ಕ್ಯಾರವಾನ್ ಎಂಬ ಗಾಡಿಯಿದೆಯಲ್ಲ, ಗಾಲಿಮನೆ ಅದರ ಮೊಮ್ಮಗ. ಪ್ರವಾಸ ಮುಗಿಸಿ ಮರಳಲು ನಮಗೆ ಬೇರೆ ಮನೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಗಾಲಿಮನೆಯ ಬದುಕು ನಮ್ಮಲ್ಲಿ ಅಪರೂಪವಲ್ಲ. ಪ್ರತಿ ಊರಿನ ಹೊರಗೆ ತಂಗುಕಟ್ಟೆ ಎಂಬ ಜಾಗವಿದೆ. ನೀರಿನ ನಲ್ಲಿ, ಕೊಳೆನೀರು ಬಿಡುವ ಕುಣಿ, ಬೇವಿನ ಸಾಲು, ಒಂದು ಜಗಲಿ ಇಷ್ಟಿದ್ದರೆ ಅದು ತಂಗುಕಟ್ಟೆ. ಗಾಡಿಗೆ ಬೇಕಾದ ಶಕ್ತಿ ಅದರ ಚಾವಣಿಯ ಬಿಸಿಲಿನಿಂದಲೇ ಬರುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಯುಗಾದಿಯ ಹಿಂದುಮುಂದಿನ ಬೇಸಿಗೆಯ ಜೊತೆಗೆ ಮಹಾನವಮಿಯ ಸುತ್ತಮುತ್ತ ಎರಡನೇ ಬೇಸಿಗೆಯೂ ಬರುತ್ತದೆ. ಆಗ ಮೇಲಿನ ಮಹಡಿಯಲ್ಲಿ ಕಾಲಿಡಲಾಗುವುದಿಲ್ಲ. ಐದು ಕೋಣೆಗಳ ಮನೆಯಲ್ಲಿ ನಾನೂ ಬಕ್ಕೇಶನೂ ಬಹಳ ವರ್ಷಗಳಿಂದ ಬಳಸುತ್ತಿದ್ದುದು ಅಡಿಗೆಮನೆ ಮತ್ತು ಅದರ ಪಕ್ಕದ ಕೋಣೆ ಮಾತ್ರ. ಅಳತೆ ಹಿಡಿದು ನೋಡಿದರೆ ಗಾಲಿಮನೆ ನಾವು ನಿಜವಾಗಿ ಬದುಕುತ್ತಿದ್ದ ಮನೆಗಿಂತ ಚಿಕ್ಕದೇನಲ್ಲ. ಉಳಿದ ಕೋಣೆಗಳನ್ನು ಗುಡಿಸುವುದಕ್ಕಾಗಿ ಇಟ್ಟುಕೊಂಡಿದ್ದೆವು.

ಅದರೊಳಗಿನ ಸಂಸಾರವನ್ನೂ ಹೇಳುತ್ತೇನೆ. ಮಂಚವನ್ನು ಹಗಲು ಎತ್ತಿ ಗೋಡೆಗೆ ಸೇರಿಸಿದರೆ ಅದರ ಬೆನ್ನೇ ಊಟದ ಮಣೆ. ಒಂದೇ ಬಿಸಿಹಂಚು, ಅದರ ಮೇಲೆ ರೊಟ್ಟಿಯಾದ ಮೇಲೆ ಪಲ್ಯ. ಪಾತ್ರೆ, ಡಬ್ಬಿ, ಕನ್ನಡಿ ಎಲ್ಲಕ್ಕೂ ಪಟ್ಟಿ ಇದೆ. ಹೊರಡುವ ಮುನ್ನ ಒಬ್ಬರು ಒಂದೊಂದರ ಹೆಸರು ಕೂಗಬೇಕು, ಇನ್ನೊಬ್ಬರು ಅದನ್ನು ಮುಟ್ಟಿ ಹೂಂ ಅನ್ನಬೇಕು. ಮುಟ್ಟದೆ ಹೂಂ ಅಂದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಬಾಡಿಗೆ ಗಾಡಿಯಲ್ಲಿ ಅಭ್ಯಾಸಕ್ಕೆ ಹೋದಾಗ ಬಕ್ಕೇಶ ಹೀಗೆ ಹೂಂ ಅಂದದ್ದರಿಂದ ಒಂದು ಡಬ್ಬಿ ಮೆಂತ್ಯದ ಹಿಟ್ಟು ನನ್ನ ತಲೆಯ ಮೇಲೆ ಬಿತ್ತು. ದೇವರ ಚಿಂತೆ ಇಲ್ಲ, ನಾವು ಲಿಂಗವನ್ನು ಕೊರಳಲ್ಲೇ ಕಟ್ಟಿಕೊಂಡವರು. ವಾಸ್ತು ಕೇಳಿದವರಿಗೆ ಬಕ್ಕೇಶ, ಬಾಗಿಲು ಯಾವ ದಿಕ್ಕಿಗೆ ಬೇಕೋ ಹೇಳಿ, ಸ್ಟೀರಿಂಗ್ ತಿರುಗಿಸುತ್ತೇನೆ ಎನ್ನುತ್ತಾನೆ.

ಯಾಕೆ ಎಂದು ನೀವು ಕೇಳುವಿರಿ. ಇಡೀ ನೌಕರಿ ನಾನು ಊರಫಲಕದಲ್ಲಿ ಮಾಡಿದೆ. ನಿಮ್ಮ ದಿನಪತ್ರಿಕೆಯ ಕೆಲಸವನ್ನು ಈಗ ಊರಫಲಕ ಮಾಡುತ್ತದೆ. ಬೀದಿಯ ತುದಿಯಲ್ಲಿ ನಿಂತಿರುತ್ತದೆ, ಬೆಳಿಗ್ಗೆ ಸುದ್ದಿ ಬದಲಾಗುತ್ತದೆ. ತುಂಗಭದ್ರೆಯ ನೀರಿನ ಮಟ್ಟ ಎಲ್ಲೆಲ್ಲಿ ಎಷ್ಟಿದೆ ಎಂದು ದಿನಾ ಹಾಕುತ್ತಿದ್ದವಳು ನಾನು. ಆ ಜಾಗಗಳಲ್ಲಿ ನನ್ನ ಕಣ್ಣಾರೆ ನೋಡಿದ್ದು ಹರಿಹರವೊಂದೇ. ಕೂಡಲಿಯ ಬಗ್ಗೆ ಬರೆದಿದ್ದೇನೆ, ನೋಡಿಲ್ಲ. ಮಂತ್ರಾಲಯದ ಪ್ರವಾಹದ ಬಗ್ಗೆ ಬರೆದಿದ್ದೇನೆ, ಆ ಹೊಳೆಯ ಅಗಲ ಎಷ್ಟೆಂದು ನನಗೆ ಗೊತ್ತಿಲ್ಲ. ಬಕ್ಕೇಶ ನೀರೆತ್ತುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು, ಅವನ ಕೆಲಸಕ್ಕೆ ಎಲ್ಲ ಊರಲ್ಲೂ ಗಿರಾಕಿಗಳಿದ್ದಾರೆ. ನಮಗೆ ಮಕ್ಕಳಿಲ್ಲ. ಕೈಕಾಲು ಗಟ್ಟಿಯಿರುವಾಗಲೇ ಹೊರಡಬೇಕೆಂದು ಎರಡು ವರ್ಷದ ಹಿಂದೆ ನಿಶ್ಚಯಿಸಿದೆವು. ಆ ನಿಶ್ಚಯ ಇವತ್ತಿನವರೆಗೆ ಸಡಿಲವಾಗಿಲ್ಲ.

ಎರಡು ವರ್ಷ ತಡವಾದದ್ದು ನನ್ನ ತಂಗಿಯಿಂದ. ನಮ್ಮ ಕಾಯಿದೆಯಲ್ಲಿ ಹೊಸ್ತಿಲ ಮಾತು ಎಂಬುದಿದೆ. ಮನೆ ಮಾರುವಾಗ ಆ ಮನೆಯಲ್ಲಿ ಹುಟ್ಟಿ ಈಗ ಬದುಕಿರುವ ಪ್ರತಿಯೊಬ್ಬರೂ ಬಂದು, ಹೊಸ್ತಿಲ ಮೇಲೆ ನಿಂತು, ನೋಂದಣಿ ಅಧಿಕಾರಿಗೂ ಅಕ್ಕಪಕ್ಕದವರಿಗೂ ಕೇಳುವಂತೆ "ಬಿಟ್ಟೆ" ಎನ್ನಬೇಕು. ಒಬ್ಬರು ಅನ್ನದಿದ್ದರೂ ಮಾರಾಟವಿಲ್ಲ. ಹೆಣ್ಣುಮಕ್ಕಳನ್ನು ಕತ್ತಲಲ್ಲಿಟ್ಟು ಮನೆ ಮಾರುವ ಮೋಸ ಹೆಚ್ಚಾದ ಕಾಲದಲ್ಲಿ ಬಂದ ಕಾಯಿದೆ ಇದು, ಒಳ್ಳೆಯ ಕಾಯಿದೆಯೇ. ಈ ಮನೆಯಲ್ಲಿ ಹುಟ್ಟಿದವರಲ್ಲಿ ಈಗ ಉಳಿದಿರುವುದು ನಾನು ಮತ್ತು ತಂಗಿ ಇಬ್ಬರೇ. ಮುರಿಗೆಮ್ಮನನ್ನು ಬ್ಯಾಡಗಿಗೆ ಕೊಟ್ಟಿದೆ. ಅವಳ ಪಾಲು ಅವಳಿಗೆ ಸಲ್ಲುತ್ತದೆಂದು ಮೊದಲೇ ಹೇಳಿದ್ದೆ, ಅದರ ಬಗ್ಗೆ ಅವಳು ತುಟಿ ಬಿಚ್ಚಲಿಲ್ಲ. ಅವಳ ತಕರಾರು ಬೇರೆ ಇತ್ತು. ವಿಷಯ ತಿಳಿಸಿದಾಗ ಅವಳು ನಮ್ಮ ಅಡಿಗೆಮನೆಯಲ್ಲೇ ಊಟಕ್ಕೆ ಕೂತಿದ್ದಳು. ಅರ್ಧ ಊಟಕ್ಕೆ ಕೈ ತೊಳೆದಳು.

"ನೀನು ಮನೆ ಮಾರು, ಗಾಡಿ ತಗ, ದೇಶ ಸುತ್ತು. ನಂಗೆ ಸಿಟ್ಟು ಬಂದ್ರೆ ಚೀಲ ತಗಂಡು ಎಲ್ಲಿಗೆ ಹೋಗ್ಲಿ? ಅದೊಂದು ಹೇಳು ಸಾಕು."

ಅವಳ ಸಂಸಾರದಲ್ಲಿ ದೊಡ್ಡ ಕೊರತೆಯೇನೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಪಂಚಮಿಗೆ ಬರುವವಳು, ನಡುವೆ ಮನಸ್ಸು ಕೆಟ್ಟಾಗ ಹೇಳದೆ ಕೇಳದೆ ಬರುವವಳು. ನೂರು ವರ್ಷ ಕಳೆದರೂ ನಮ್ಮ ಹೆಣ್ಣುಮಕ್ಕಳಿಗೆ ತವರು ಬೇಕು. ಅವಳ ತವರನ್ನು ಮುಗಿಸಿ ನಾನು ಹೊಳೆ ನೋಡಲು ಹೋಗುವುದೆಂದರೆ ಆ ಪ್ರಯಾಣ ನನಗೆ ಬೇಡ. ಹಾಗೆಂದು ಪ್ರಯಾಣವನ್ನು ಬಿಡಲೂ ನಾನು ತಯಾರಿರಲಿಲ್ಲ. ಆಗ ಬಕ್ಕೇಶ ನಡುವೆ ಬಾಯಿ ಹಾಕಿ, ಒಂದು ಮಾತು ಹೇಳಿ ಕಳಿಸಿದರೆ ಸಾಕು, ತವರನ್ನೇ ತಂದು ಬಾಗಿಲಲ್ಲಿ ನಿಲ್ಲಿಸುತ್ತೇನೆ ಎಂದ. ಮುರಿಗೆಮ್ಮ ನಗಲಿಲ್ಲ. "ನಿಲ್ಸು ಮಾವ. ನನ್ಗಿಂತ ಮುಂಚೆ ನಿನ್ನ ಷಡ್ಡಕ ಹತ್ತಿ ಕುಂತಿರ್ತಾರೆ" ಎಂದು ತನ್ನ ಗಂಡನನ್ನು ಆಡಿಕೊಂಡಳು. ಕೊನೆಗೆ ಒಂದು ಷರತ್ತಿಗೆ ಒಪ್ಪಿದಳು. ಒಂದು ಪಂಚಮಿಯನ್ನು ಗಾಲಿಮನೆಯಲ್ಲಿ ಮಾಡಿ ತೋರಿಸಬೇಕು. ತವರು ಅನ್ನಿಸಿದರೆ ಹೊಸ್ತಿಲ ಮಾತು, ಇಲ್ಲದಿದ್ದರೆ ಇಲ್ಲ.

ಹೋದ ವರ್ಷದ ಪಂಚಮಿಗೆ ಗಾಡಿ ಬಾಡಿಗೆಗೆ ತಂದು ಬ್ಯಾಡಗಿಗೆ ಹೋದೆವು. ಅವಳ ಮನೆಯ ಕಟ್ಟೆಗೆ ತಾಗಿಸಿಯೇ ನಿಲ್ಲಿಸಿದೆವು. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಎಲ್ಲ ನಾನೇ ಮಾಡಿ ಒಯ್ದಿದ್ದೆ. ಅವಳಿಗೆ ಬಸ್ಸು ಹತ್ತುವ ಕಷ್ಟವನ್ನೂ ಕೊಡದ ತವರು ಎಂದು ಹೆಮ್ಮೆಯಿಂದಿದ್ದೆವು. ನಡೆದದ್ದೇ ಬೇರೆ. ಅವಳ ಗಂಡ ಖುಷಿಯಿಂದ ಓಣಿಯವರನ್ನೆಲ್ಲ ಕರೆದು ಗಾಡಿ ತೋರಿಸಿದರು. ಬಂದವರಿಗೆಲ್ಲ ಮುರಿಗೆಮ್ಮ ಚಹಾ ಮಾಡಿದಳು. ಮನೆಗೆ ಬಂದ ಅಕ್ಕನಿಂದ ಪಾತ್ರೆ ತೊಳೆಸುವುದು ಹೇಗೆಂದು ನನ್ನ ಕೈಗೆ ಏನನ್ನೂ ಕೊಡಲಿಲ್ಲ. ನನ್ನ ಉಂಡೆ ಬಹಳ ಚೆನ್ನಾಗಿವೆ ಎಂದು ಬಂದವರೆದುರು ಹೊಗಳಿದಳು, ಮೆತ್ತನೆಯ ಹಾಸಿಗೆ ಹಾಕಿ ನಮ್ಮನ್ನು ತನ್ನ ಮನೆಯೊಳಗೇ ಮಲಗಿಸಿದಳು. ಹಬ್ಬ ಮುಗಿಯುವವರೆಗೆ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ನಾವು ಹೊರಟು ನಿಂತಾಗ ಗಾಡಿಯ ಬಾಗಿಲಿಗೆ ಬಂದು ಹೇಳಿದಳು:

"ನಾನು ತವರಿಗೆ ಹೋಗಿ ಬಂದ್ನೋ, ತವರಿನವ್ರಿಗೆ ಉಣ್ಣಾಕಿ ಕಳಿಸಿದ್ನೋ ನೀನೇ ಹೇಳಕ್ಕ."

ಷರತ್ತು ಸೋತಿದ್ದೆವು. ಬಕ್ಕೇಶ ಇನ್ನು ಮನೆ ಮಾರುವ ಮಾತು ಬೇಡ ಎಂದ. ನಾನು ಒಪ್ಪಲಿಲ್ಲ. ಊರಫಲಕದಲ್ಲಿ ತಪ್ಪು ಸುದ್ದಿ ಬಂದರೆ ಎಲ್ಲಿ ತಪ್ಪಾಯಿತೆಂದು ಹುಡುಕಿ ಮರುದಿನ ಸರಿಯಾದದ್ದನ್ನು ಹಾಕುತ್ತಿದ್ದೆವು. ಇಲ್ಲಿಯೂ ಅದನ್ನೇ ಮಾಡಿದೆ. ಮುರಿಗೆಮ್ಮ ನಮ್ಮ ಮನೆಗೆ ಬಂದಾಗ ಏನೇನು ಮಾಡುತ್ತಿದ್ದಳೆಂದು ನೆನಪು ಮಾಡಿಕೊಂಡೆ. ಬಂದವಳೇ ಚೀಲ ಎಸೆದು ಮೆಟ್ಟಿಲ ಕೆಳಗಿನ ನೆಲಕ್ಕೆ ಬೆನ್ನು ಹಚ್ಚುತ್ತಿದ್ದಳು. ಬಿಸಿಲೇರುವವರೆಗೆ ಏಳುತ್ತಿರಲಿಲ್ಲ. ಅಡಿಗೆ ಏನೆಂದು ಕೇಳುತ್ತಿರಲಿಲ್ಲ, ತಟ್ಟೆಯಲ್ಲಿ ಬಿದ್ದಮೇಲೆ ನೋಡುತ್ತಿದ್ದಳು. ಇವುಗಳಲ್ಲಿ ಒಂದನ್ನೂ ಅವಳು ತನ್ನ ಮನೆಯ ಕಟ್ಟೆಯ ಪಕ್ಕದಲ್ಲಿ ಮಾಡುವಂತಿರಲಿಲ್ಲ. ತವರು ದೂರವಿರಬೇಕು. ಅಲ್ಲಿಂದ ಯಾರಾದರೂ ಬಂದು ಅವಳನ್ನು ಕರೆದೊಯ್ಯಬೇಕು. ದೂರವನ್ನು ಅಳಿಸಿದ್ದೇ ನಮ್ಮ ತಪ್ಪು.

ಈ ವರ್ಷದ ಪಂಚಮಿಗೆ ಬ್ಯಾಡಗಿಯಿಂದ ಅರ್ಧ ದಿನದ ದಾರಿಯಲ್ಲಿ, ಹೊಳೆದಂಡೆಯ ಒಂದು ತಂಗುಕಟ್ಟೆಯಲ್ಲಿ ಗಾಡಿ ನಿಲ್ಲಿಸಿದೆವು. ಬಕ್ಕೇಶ ಹೊಸ ಸೀರೆ ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ, ಅಣ್ಣತಮ್ಮಂದಿರು ಹೋಗುವ ಹಾಗೆ, ಹಬ್ಬಕ್ಕೆ ಕಳಿಸಿಕೊಡಿ ಎಂದು ಷಡ್ಡಕನನ್ನು ಕೇಳಿದ. ಷಡ್ಡಕ ತಾವೂ ಚಪ್ಪಲಿ ಮೆಟ್ಟಿದರಂತೆ. ಈ ಸಲ ಹೆಣ್ಣುಮಗಳಿಗೆ ಮಾತ್ರ ಕರೆ ಎಂದು ಬಕ್ಕೇಶ ಕೈಮುಗಿದ. ಮುರಿಗೆಮ್ಮ ಚಿಕ್ಕ ಚೀಲ ಹಿಡಿದು, ಸಂಜೆಗೇ ವಾಪಸು ಹೋಗುವವಳ ಮುಖ ಮಾಡಿಕೊಂಡು ಬಂದಳು. ನಾನು ಏನೂ ಕೇಳಲಿಲ್ಲ. ಹುಣಸೆಮರಕ್ಕೆ ಜೋಕಾಲಿ ಕಟ್ಟಿತ್ತು, ಅದನ್ನೂ ತೋರಿಸಲಿಲ್ಲ. ಮೊದಲ ದಿನ ಸುಮ್ಮನೆ ಹೊಳೆ ನೋಡುತ್ತ ಕೂತಳು. ಎರಡನೇ ದಿನ ನಾವು ತಿಂಡಿ ಮುಗಿಸಿ ಪಾತ್ರೆ ತೊಳೆದಿಟ್ಟರೂ ಅವಳು ಎದ್ದಿರಲಿಲ್ಲ. ಬಕ್ಕೇಶ ಎಬ್ಬಿಸಲು ಹೋದ, ತಡೆದೆ. ಎದ್ದವಳು ಜೋಕಾಲಿ ಹತ್ತಿ ಮಧ್ಯಾಹ್ನದವರೆಗೆ ಇಳಿಯಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದು ನನ್ನ ಮುಖ ನೋಡಿದಳು.

"ಏನಕ್ಕ ಇದು, ಹಸಿ ಹಸಿ ಐತೆ. ಅವ್ವ ಇದ್ದಿದ್ರೆ ನಿನ್ನ ಮುಖಕ್ಕೆ ಒಗೀತಿದ್ಲು."

ಹೋದ ವರ್ಷ ಬಂದವರೆದುರು ಹೊಗಳಿದ್ದಳು. ಈಗ ರೊಟ್ಟಿ ಹಸಿ, ಚಹಾ ನೀರು, ಮಂಚ ಮೋಟು ಎಂದು ಒಂದೊಂದಕ್ಕೂ ಹೆಸರಿಟ್ಟಳು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇವತ್ತು ಬೆಳಿಗ್ಗೆ ಹೊಸ್ತಿಲ ಮಾತು. ಕೊಳ್ಳುವವರು ಮೆಹರುನ್ನಿಸಾ ಎಂಬವರು, ಶಾಲೆಯ ಮೇಡಂ. ಅವರು ಹುಟ್ಟಿದ್ದು ಬೆಳೆದದ್ದು ಗಾಲಿಮನೆಯಲ್ಲಿ. ಬಾಣಂತನವೂ ತಂಗುಕಟ್ಟೆಯಲ್ಲೇ ಆಯಿತಂತೆ, ಅವರ ತಾಯಿ ಗಾಡಿ ಕದಲಿಸದೆ ನಲವತ್ತು ದಿನ ನೋಡಿಕೊಂಡರಂತೆ. ಈಗ ಮಗಳು ಶಬಾನಾಗೆ ಮದುವೆ ಗೊತ್ತಾಗಿದೆ. ಅವಳು ಬಂದು ಮಲಗುವುದಕ್ಕೆ ಒಂದು ನೆಲ ಬೇಕು ಎಂದರು ಮೆಹರುನ್ನಿಸಾ. ನಾನು ಯಾವ ಕಾರಣಕ್ಕೆ ಎರಡು ವರ್ಷ ಮಾರಲಾಗದೆ ಇದ್ದೆನೋ ಅದೇ ಕಾರಣಕ್ಕೆ ಅವರು ಕೊಳ್ಳುತ್ತಿದ್ದರು. ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಿಲ್ಲ, ನಾನು ಮಾಡಿದ್ದು ತಪ್ಪೆಂದು ಅವರೂ ಹೇಳಲಿಲ್ಲ.

ನಾನು ಮೊದಲು ಹೊಸ್ತಿಲ ಮೇಲೆ ನಿಂತು ಬಿಟ್ಟೆ ಎಂದೆ. ಅಧಿಕಾರಿ ಮುರಿಗೆಮ್ಮನ ಹೆಸರು ಕರೆದರು. ಅವಳು ಹೊಸ್ತಿಲಿಗೆ ಬರದೆ ತಿರುಗಿ ಮನೆಯೊಳಗೆ ನಡೆದಳು. ಎಲ್ಲರೂ ಕಾದೆವು. ಅಧಿಕಾರಿ ನನ್ನ ಮುಖ ನೋಡಿದರು. ನಾನು ಕರೆಯಲಿಲ್ಲ. ಅವಳು ಬರದಿದ್ದರೆ ಮಾರಾಟ ನಿಲ್ಲಲಿ ಎಂದೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಅಂಗಳದಲ್ಲಿ ತಾಯಿಯ ಹಿಂದೆ ನಿಂತಿದ್ದ ಶಬಾನಾಳನ್ನು ಹತ್ತಿರ ಕರೆದು, "ಬೇಸಿಗೆಗೆ ಬಂದ್ರೆ ಮೆಟ್ಟಿಲ ಕೆಳಗೆ ಮಲಕ್ಕಳವ್ವ, ತಣ್ಣಗಿರ್ತತೆ. ಯಾರು ಕರೆದ್ರೂ ಏಳಬ್ಯಾಡ" ಎಂದಳು. ಆಮೇಲೆ ಹೊಸ್ತಿಲ ಮೇಲೆ ನಿಂತು, ಬೀದಿಯ ತುದಿಗೂ ಕೇಳುವಂತೆ ಬಿಟ್ಟೆ ಎಂದಳು. ಇಳಿದು ನನ್ನ ಪಕ್ಕಕ್ಕೆ ಬಂದು, ಮುಂದಿನ ಪಂಚಮಿಗೆ ಕೂಡಲಿಯಲ್ಲಿ ನಿಲ್ಲಿಸಬೇಕು, ಮಾವನೇ ಕರೆಯಲು ಬರಬೇಕು, ರೊಟ್ಟಿ ತೆಳ್ಳಗಿರಬೇಕು ಎಂದು ಮೂರು ಅಪ್ಪಣೆ ಕೊಟ್ಟಳು.

ನಾಳೆ ಬೆಳಗಾಗುತ್ತಲೇ ಹೊರಡುತ್ತೇವೆ. ಮೊದಲ ನಿಲುಗಡೆ ಹೊನ್ನಾಳಿ. ನಿಮ್ಮಲ್ಲಿ ಕ್ಷಮೆ ಕೇಳುವುದಕ್ಕೆ ಈ ಕಾಗದ ಬರೆದಿಲ್ಲ, ಕ್ಷಮೆ ಕೇಳುವಂಥದ್ದೇನೂ ನಡೆದಿಲ್ಲ. ಮಾರುವ ಮನೆ ಎಂದು ತಿಳಿದ ಮೇಲೆ ಕೆಲಸವನ್ನು ಅರ್ಧಕ್ಕೆ ಬಿಟ್ಟೀರಿ ಎಂಬುದೊಂದೇ ನನ್ನ ಭಯ. ಬಿಡಬೇಡಿ. ಕೋರಿಕೆ ಇಷ್ಟೇ. ಕಟ್ಟಿದ ಗೋಡೆಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಹಾಕಿಸಿ. ಮೇಸ್ತ್ರಿ ಸಾಕು ಎಂದರೂ ಇನ್ನೊಂದು ವಾರ ಹಾಕಿಸಿ. ಮೆಟ್ಟಿಲ ಕೆಳಗಿನ ನೆಲಕ್ಕೆ ಒಳ್ಳೆಯ ಕಲ್ಲು ಹಾಸಿ. ಶಬಾನಾ ಬರುವವಳಿದ್ದಾಳೆ.

ನಿಮ್ಮ ಮನೆಯಲ್ಲಿ ಹುಟ್ಟಿದವಳು,
ಕೊಟ್ರಮ್ಮ