ಬಿಳೆಗುಂಡಿಯ ನಾಲ್ಕನೆಯ ಯಂತ್ರ

ಇಸವಿ ೨೨೧೧, ಒಂಬತ್ತನೆಯ ತಿಂಗಳ ಮೂವತ್ತೆಂಟನೆಯ ದಿನ
ಬಿಳೆಗುಂಡಿ ನೀರ್ಮನೆ

ಯಂತ್ರಗಳಿಗೆ ಆಜ್ಞೆ ಬರೆಯುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ನನ್ನ ಕನ್ನಡ ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕಾಗದಗಳನ್ನು ಓದಿ ಕಲಿತದ್ದು. ನಾನು ಪಾರ್ವತೆವ್ವ, ವೃತ್ತಿಯಿಂದ ಹಳೆನುಡಿಯವಳು. ಅಂದರೆ ನೀವು ಬಿಟ್ಟುಹೋದ ಯಂತ್ರಗಳ ಭಾಷೆ ಓದಿ, ಅವು ನಿಲ್ಲದಂತೆ ನೋಡಿಕೊಳ್ಳುವವಳು. ವಯಸ್ಸು ಅರವತ್ತೊಂದು. ದಣಿದಿದ್ದೇನೆ.

ನಮ್ಮ ಸೀಮೆಯಲ್ಲಿ ನೆಲದಡಿಯ ನೀರೆಲ್ಲ ವಿಷ. ಅದನ್ನು ಸೋಸುವ ಕಟ್ಟಡಕ್ಕೆ ನೀರ್ಮನೆ ಎನ್ನುತ್ತೇವೆ. ಬೆಳಿಗ್ಗೆ ತಲೆಗೆ ಎರಡು ಕೊಡ ಸಿಗುತ್ತದೆ. ಪಾತ್ರೆಯನ್ನು ಒಣಬೂದಿಯಲ್ಲಿ ಉಜ್ಜುತ್ತೇವೆ, ಬಟ್ಟೆಯನ್ನು ಬಿಸಿಲಿಗೆ ಹರವಿ ಒಗೆದೆವು ಎನ್ನುತ್ತೇವೆ. ನಾಲ್ಕು ಊರಿಗೆ ನಾಲ್ಕು ನೀರ್ಮನೆ. ನಾಲ್ಕರ ಕವಾಟಗಳನ್ನೂ ನಿಮ್ಮ ಕಾಲದ ಯಂತ್ರಗಳೇ ತೆರೆದು ಮುಚ್ಚುತ್ತವೆ.

ಇದೇ ತಿಂಗಳ ಇಪ್ಪತ್ತಮೂರನೆಯ ದಿನ ನಾಲ್ಕೂ ಒಟ್ಟಿಗೆ ಕೆಟ್ಟವು. ದಿನ ಎಣಿಸಲು ನೀವು ಕೊಟ್ಟಿದ್ದ ಜಾಗ ನೂರೆಂಬತ್ತು ವರ್ಷಕ್ಕೆ ತುಂಬಿಹೋಗಿತ್ತು. ಲೆಕ್ಕ ತಪ್ಪಿದ ಕವಾಟಗಳು ನೀರು ಸೋಸುವ ಮೊದಲೇ ತೆರೆದುಕೊಳ್ಳತೊಡಗಿದವು. ತಪ್ಪು ಹುಡುಕಲು ನನಗೂ ನನ್ನ ಜೊತೆಗಾರ ಗುರುಪಾದಪ್ಪನಿಗೂ ಒಂದು ದಿನ ಸಾಕಾಯಿತು. ತಿದ್ದಿದ್ದು ಎರಡೇ ಸಾಲು.

ತೊಂದರೆ ಆಮೇಲಿನದು. ಮನುಷ್ಯ ಬರೆದ ಆಜ್ಞೆಯನ್ನು ಯಂತ್ರದ ಅಂಕಿಗಳಾಗಿ ಮಾಡುವ ನಿಮ್ಮ ಅಸೆಂಬ್ಲರ್ ನಮ್ಮಲ್ಲಿ ಇನ್ನೂ ಇದೆ. ಆದರೆ ಅಂಕಿಗಳನ್ನು ಯಾವ ಕಟ್ಟಿನಲ್ಲಿ ಕಟ್ಟಿ ಕೊಡಲಿ ಎಂದು ಅದು ಕೇಳುತ್ತದೆ. ಯಂತ್ರವನ್ನು ಒಳಗಿನಿಂದ ನಡೆಸುವ ವ್ಯವಸ್ಥೆಗೆ ತಕ್ಕಂತೆ ಕಟ್ಟು ಬೇರೆ: ಲಿನಕ್ಸಿಗೆ ಎಲ್ಫ್ ಎಂಬ ಕಟ್ಟು, ವಿಂಡೋಸಿಗೆ ಕಾಫ್, ಮ್ಯಾಕಿಗೆ ಮಾಕ್-ಓ. ಒಳಗಿನ ಲೆಕ್ಕ ಒಂದೇ ಇದ್ದರೂ ಕಟ್ಟು ಬೇರೆಯಾದರೆ ಯಂತ್ರ ಮುಟ್ಟುವುದಿಲ್ಲ. ಮೂರು ಊರಿನ ಯಂತ್ರಗಳು ಎರಡು ದಿನದಲ್ಲಿ ಒಪ್ಪಿಕೊಂಡವು. ಬಿಳೆಗುಂಡಿಯದು ಒಪ್ಪಲಿಲ್ಲ. ಮೂರೂ ಕಟ್ಟು ಕೊಟ್ಟೆವು, ಅಸೆಂಬ್ಲರಿನ ಪುಸ್ತಕದಲ್ಲಿದ್ದ ಇನ್ನೆರಡು ಹಳೆಯ ಕಟ್ಟೂ ಕೊಟ್ಟೆವು. ಒಂದೊಂದು ಪ್ರಯತ್ನಕ್ಕೂ ಒಂದೊಂದು ದಿನ.

ನೆರೆಯೂರಿನಿಂದ ಬಂಡಿಯಲ್ಲಿ ನೀರು ತರಿಸಿದೆವು. ಸಾಲಲಿಲ್ಲ. ಕುಡಿಯಬೇಡಿ ಎಂದು ಸಾರಿದರೂ ಬಾಯಾರಿದವರು ಕುಡಿದರು. ಏಳನೆಯ ದಿನ ಹುಲಿಗೆವ್ವ ಎಂಬ ಹೆಂಗಸು ತೀರಿಕೊಂಡಳು. ನೀರ್ಮನೆಯ ಕಸ ಗುಡಿಸಿ ಬಾಗಿಲು ಕಾಯುವ ದುರುಗವ್ವನ ತಂಗಿ ಅವಳು.

ಎಂಟನೆಯ ದಿನ ಗುರುಪಾದಪ್ಪನಿಗೆ ಹೊಳೆಯಿತು. ಆ ಯಂತ್ರದಲ್ಲಿ ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ, ಬರಿಯ ಯಂತ್ರ. ಅದಕ್ಕೆ ಕಟ್ಟೇ ಬೇಡ, ಬಿಡಿ ಅಂಕಿಗಳು ಸಾಕು. ಆದರೆ ಆ ಅಂಕಿಗಳು ಯಂತ್ರದ ನೆನಪಿನಲ್ಲಿ ಎಲ್ಲಿ ಕೂರಬೇಕು ಎಂಬ ಮನೆ ನಂಬರು ನಾವೇ ಹೇಳಬೇಕು. ಆ ನಂಬರಿದ್ದ, ಬಿಳೆಗುಂಡಿ ಯಂತ್ರದ ಕಾಗದಗಳ ಮೊದಲ ಹಾಳೆ ಗೆದ್ದಲಿಗೆ ಹೋಗಿತ್ತು.

ಮರುದಿನ ಬೆಳಿಗ್ಗೆ ದುರುಗವ್ವ ಪೊರಕೆ ಹಿಡಿದು ಬಂದಳು. ತಂಗಿ ಸತ್ತ ಮೂರನೆಯ ದಿನಕ್ಕೇ ಕೆಲಸಕ್ಕೆ. ನಮ್ಮ ಮುಖ ನೋಡಿ, "ಇನ್ನೂ ಏನ್ ಹುಡಕಾಕತ್ತೀರಿ ಯವ್ವಾ?" ಎಂದಳು. ಸುಮ್ಮನಿರಲಾಗದೆ ಹೇಳಿದೆ, ಒಂದು ನಂಬರು ಎಂದು.

"ಪರದಿ ಮ್ಯಾಲ ಬರತಿತ್ತಲ್ಲ, ಅದಾ?"

ಯಂತ್ರದ ಪರದೆ ಸುಟ್ಟು ಹನ್ನೆರಡು ವರ್ಷವಾಗಿತ್ತು. ಅದಕ್ಕೂ ಮೊದಲು ಮೂವತ್ತು ವರ್ಷ, ದಿನಾ ಬೆಳಿಗ್ಗೆ ಯಂತ್ರ ಏಳುವಾಗ ಅಲ್ಲಿ ಮೂಡುತ್ತಿದ್ದುದನ್ನು ಅವಳು ಕಂಡಿದ್ದಳು.

"ಏಳು. ಆಮ್ಯಾಲ ಬಿದಿಗಿ ಚಂದ್ರಾಮನಂಗ ಒಂದು ಗೀರು. ಆಮ್ಯಾಲ ಎರಡು ಸೊನ್ನಿ."

ನಿಮ್ಮವರು ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ ಸೇರಿಸಿಯೂ ಎಣಿಸುತ್ತಿದ್ದರು. ಚಂದ್ರನಂತಹ ಗೀರು ಸಿ ಅಕ್ಷರ. ಆ ನಂಬರು ಕೊಟ್ಟು ಅಂಕಿಗಳನ್ನು ತುಂಬಿದೆವು. ಮಧ್ಯಾಹ್ನದ ಹೊತ್ತಿಗೆ ಕವಾಟ ಮುಚ್ಚಿತು, ಸೋಸಿದ ಮೇಲಷ್ಟೇ ತೆರೆಯಿತು. ಗುರುಪಾದಪ್ಪ ನೆಲದ ಮೇಲೆ ಕೂತು ಅತ್ತ.

ದುರುಗವ್ವ ಅಳಲಿಲ್ಲ. "ಮೊದಲನೇ ದಿನಾನ ಕೇಳಿದ್ರ ಹೇಳತಿದ್ದೆನಲ್ಲ ಯವ್ವಾ," ಎಂದಳು. ಎಂಟು ದಿನ ನಾವು ಅವಳ ಮುಂದೆಯೇ ಓಡಾಡಿದ್ದೆವು. ಕಾಲು ಎತ್ತಿ ಅಂದಾಗ ಎತ್ತಿದ್ದೆವು, ಅವಳು ಕಸ ಗುಡಿಸಿದ್ದಳು. ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಆದ್ದರಿಂದ ನಿಮ್ಮನ್ನಷ್ಟೇ ಬೈಯಲು ನನಗೆ ಬಾಯಿಲ್ಲ. ಒಂದು ಬೇಡಿಕೆ ಇದೆ. ಆಜ್ಞೆ ಬರೆದು ಮುಗಿಸಿದ ದಿನ, ಅದು ಯಾವ ಯಂತ್ರಕ್ಕೆ, ಯಾವ ಕಟ್ಟಿನಲ್ಲಿ, ಯಾವ ನಂಬರಿಗೆ ಎಂದು ಬರೆದಿಡಿ. ಬರೆದದ್ದನ್ನು ಅಲ್ಲಿ ಕಸ ಗುಡಿಸುವವರಿಗೂ ಓದಿ ಹೇಳಿ.

ನಾಳೆ ಹುಲಿಗೆವ್ವನ ಹನ್ನೊಂದನೆಯ ದಿನ. ದುರುಗವ್ವನ ಮನೆಗೆ ಹೋಗಬೇಕು. ಹೋಗಿ ಏನು ಹೇಳಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.

ಪಾರ್ವತೆವ್ವ