ಮುದ್ರೆಯಿಲ್ಲದ ಯಂತ್ರ ಮತ್ತು ಗೊಲ್ಲಪ್ಪನ ಮುಂದಿನ ಹಲ್ಲು

ಉಗ್ರಾಣದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ಹಲ್ಲಿನ ಬೇರು ಎಷ್ಟು ಉದ್ದ ಇದೆಯೆಂದು ಅಳೆದು ಹೇಳುವ ಒಂದು ಪುಟ್ಟ ಯಂತ್ರ ನಮ್ಮ ಸರ್ಕಾರಿ ಆಸ್ಪತ್ರೆಗೆ ಬಂದು ಎಂಟು ತಿಂಗಳಾಯಿತು. ಇವತ್ತಿನವರೆಗೆ ಅದು ಒಂದೇ ಒಂದು ಹಲ್ಲನ್ನೂ ಕಂಡಿಲ್ಲ. ತಮ್ಮ ಆದೇಶದ ಮೇರೆಗೆ ಕಬ್ಬಿಣದ ಬೀರುವಿನೊಳಗೆ, ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಸುಖವಾಗಿದೆ. ಅದಕ್ಕೊಂದು ಗೀರೂ ಬೀಳದಂತೆ ಕಾಪಾಡಿದ ತಮ್ಮ ಶ್ರದ್ಧೆಯನ್ನು ಮೊದಲು ಮೆಚ್ಚಿಕೊಂಡು, ಆಮೇಲೆ ಜಗಳಕ್ಕೆ ಬರುತ್ತೇನೆ. ಆಸ್ಪತ್ರೆ ಯಾವುದೆಂದು ಬರೆದಿಲ್ಲ. ಬರೆದರೆ ತಮ್ಮ ಸಿಟ್ಟು ಅಲ್ಲಿನ ದಂತವೈದ್ಯೆಯ ವರ್ಗಾವಣೆಯಲ್ಲಿ ಮುಗಿದೀತು ಎಂಬ ಭಯ. ಯಾವ ಬೀರು ಎಂಬುದು ತಮಗಂತೂ ಗೊತ್ತಿದೆ.

ನಾನು ಬಾಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ನಮ್ಮಣ್ಣ ಗೊಲ್ಲಪ್ಪನದು ಕುರಿ ಕಾಯುವ ಕೆಲಸ. ಎಪ್ಪತ್ತು ಕುರಿಗಳು ದಿನಾ ಬೆಳಿಗ್ಗೆ ಟಾರು ರಸ್ತೆ ದಾಟಿ ಆಚೆಯ ಗೋಮಾಳಕ್ಕೆ ಹೋಗಬೇಕು. ಆ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆಂದು, ಜೀಪಿನ ಗಾಜು ಏರಿಸಿಕೊಂಡು ಹೋಗುವ ತಮಗೂ ಕಂಡಿರಬಹುದು. ಅಣ್ಣ ಮುಂದಿನ ಹಲ್ಲುಗಳಿಗೆ ನಾಲಿಗೆ ಒತ್ತಿ ಒಂದು ಸಿಳ್ಳೆ ಹಾಕಿದರೆ ಎಪ್ಪತ್ತೂ ನಿಲ್ಲುತ್ತವೆ, ಎರಡು ಹಾಕಿದರೆ ದಾಟುತ್ತವೆ. ಬಾಯಿಗೆ ಬೆರಳಿಟ್ಟು ಹಾಕುವ ಸಿಳ್ಳೆ ಅವನಿಗೆ ರೂಢಿಯಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸದಾ ಯಾವುದೋ ಒಂದು ಮರಿ. ಯುಗಾದಿ ಮುಗಿದ ವಾರ ಅವನು ಬಗ್ಗಿ ತೊಟ್ಟಿಗೆ ನೀರು ತುಂಬುತ್ತಿದ್ದಾಗ ಟಗರು ಬಂದು ಮುಖಕ್ಕೇ ಗುದ್ದಿತು. ಮೇಲಿನ ಸಾಲಿನ ಮುಂದಿನ ಹಲ್ಲು ಬೀಳಲಿಲ್ಲ, ಆದರೆ ಒಳಗೇ ಸತ್ತು ಕಪ್ಪಗಾಗಿ ಬುಡದಲ್ಲಿ ಕೀವು ಕಟ್ಟಿತು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ದಂತವೈದ್ಯೆ ನಮ್ಮ ಸೀಮೆಯವರೇ. “ಹೆದರಬ್ಯಾಡ್ರಿ, ರೂಟ್ ಕೆನಾಲ್ ಮಾಡಿದ್ರೆ ಹಲ್ಲು ಉಳಿತೈತೆ,” ಅಂದರು. “ಆದ್ರೆ ಬೇರಿನ ತುದಿಗಂಟ ಸೂಜಿ ಹಾಕಿ ತೊಳೀಬೇಕು. ಮೊದ್ಲೇ ನಿಲ್ಸಿದ್ರೆ ಕೀವು ಅಲ್ಲೇ ಉಳಿತೈತೆ, ದಾಟಿದ್ರೆ ಸೂಜಿ ಒಳಗಡೆ ಚುಚ್ಚಿ ಬಾವು ಬರ್ತೈತೆ. ನಿಮ್ಮ ಬೇರಿನ ತುದಿ ಅಂಗುಳದ ಕಡೀಗೆ ಬಾಗೈತೆ ಅಂತ ನನಗೆ ಅನುಮಾನ. ಎಕ್ಸ್‌ರೇದಾಗೆ ಎದುರಿಂದ ನೋಡ್ತೀವಲ್ಲ, ಅದು ನೆಟ್ಟಗೇ ಕಾಣ್ತೈತೆ.” ಇಂಥದಕ್ಕೆಂದೇ ಎಪೆಕ್ಸ್ ಲೊಕೇಟರ್ ಎಂಬ ಯಂತ್ರವಿದೆ. ಅದರ ಒಂದು ಕೊಕ್ಕೆಯನ್ನು ರೋಗಿಯ ತುಟಿಗೆ ಸಿಕ್ಕಿಸಿ, ಇನ್ನೊಂದನ್ನು ಸೂಜಿಗೆ ಕಚ್ಚಿಸಿದರೆ, ಸೂಜಿ ಬೇರಿನ ತುದಿ ಮುಟ್ಟುವಾಗ ಕೀಂ ಎನ್ನುತ್ತದೆ. “ಹಂಗಾರೆ ಹಚ್ರಿ ಮೇಡಂ,” ಎಂದ ಅಣ್ಣ. ಅವರು ಬೀರುವಿನ ಕಡೆ ಕೈ ತೋರಿಸಿದರು.

ಬೀಗ ಯಾಕೆಂದು ಆಸ್ಪತ್ರೆಯ ಗುಮಾಸ್ತರು ತಾವು ಬರೆದ ಪತ್ರ ತೋರಿಸಿದ ಮೇಲೆ ತಿಳಿಯಿತು. “ಸದರಿ ಉಪಕರಣವು ಉದ್ದವನ್ನು ಅಳೆಯುವ ಸಾಧನವಾಗಿರುವುದರಿಂದ, ಅಳತೆ ಸಾಧನಗಳಿಗೆ ಹಾಕತಕ್ಕ ಸತ್ಯಾಪನೆ ಮುದ್ರೆ ಇಲ್ಲದೆ ಬಳಕೆಗೆ ನೀಡತಕ್ಕದ್ದಲ್ಲ.” ಓದಿ ನಾನು ನಗಲಿಲ್ಲ, ಅದೇ ನಾನು ಮಾಡಿದ ತಪ್ಪು. ನನ್ನ ಅಂಗಡಿಯ ತಕ್ಕಡಿಗೂ ಬಟ್ಟುಗಳಿಗೂ ಕಾಲಕಾಲಕ್ಕೆ ಮುದ್ರೆ ಹಾಕಿಸುವವನು ನಾನು. ಇದೆಷ್ಟರ ಕೆಲಸ ಎಂದುಕೊಂಡು, ಪತ್ರದ ಪ್ರತಿ ಹಿಡಿದು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ ಬಳಿಗೆ ಹೋದೆ. ಆ ಪುಣ್ಯಾತ್ಮರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, “ಕುಂತ್ಕಳ್ರಿ, ನೀರು ಕುಡೀರಿ. ನಮ್ಮತ್ರ ಕೇಜಿ ಬಟ್ಟು ಐತೆ, ಮೀಟರ್ ಪಟ್ಟಿ ಐತೆ. ಹಲ್ಲಿನ ಬೇರು ಎಲ್ಲಿಂದ ತರಾಣ?” ಎಂದರು. ಇದು ತೂಕ ಮತ್ತು ಅಳತೆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲೇ ಹಿಂಬರಹ ಬರೆದೂ ಕೊಟ್ಟರು. ವಿವೇಕ ಎಂಬುದು ಸರ್ಕಾರದಲ್ಲಿ ಒಂದು ಮೇಜಿಗಾದರೂ ಇದೆಯಲ್ಲ ಎಂದು ಖುಷಿಪಟ್ಟು ಅದನ್ನು ತಮಗೆ ತಲುಪಿಸಿದೆ.

ಮೂರು ವಾರದ ಮೇಲೆ ತಮ್ಮ ಉತ್ತರ ಬಂತು. ವ್ಯಾಪ್ತಿಗೆ ಬಾರದಿದ್ದ ಪಕ್ಷದಲ್ಲಿ ಆಸ್ಪತ್ರೆಯವರೇ ಪರೀಕ್ಷಿಸಿ ದೃಢೀಕರಿಸಬೇಕು. ಅದಕ್ಕಾಗಿ “ನಿಖರ ಉದ್ದ ತಿಳಿದಿರುವ ಹಲ್ಲೊಂದನ್ನು” ಯಂತ್ರದ ವರದಿಯೊಡನೆ ಹಾಜರುಪಡಿಸಬೇಕು. ಮಾನ್ಯರೇ, ಬಾಯಲ್ಲಿರುವ ಹಲ್ಲಿನ ನಿಖರ ಉದ್ದ ತಿಳಿಯುವುದು ಹೇಗೆ? ಯಂತ್ರದಿಂದ. ಯಂತ್ರ ಎಲ್ಲಿದೆ? ಬೀರುವಿನಲ್ಲಿ. ಬೀರು ತೆರೆಯುವುದು ಯಾವಾಗ? ಯಂತ್ರದ ವರದಿ ಬಂದ ಮೇಲೆ. ಇಷ್ಟು ಚೊಕ್ಕವಾಗಿ ದುಂಡಗಿರುವ ಆಡಳಿತ ನಮ್ಮ ಜಿಲ್ಲೆಯಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. ಖಾಸಗಿಯವರ ಹತ್ತಿರ ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಚಿತ್ರದುರ್ಗಕ್ಕೆ ನಾಲ್ಕು ಸಲ ಓಡಾಡಬೇಕು. ಆ ನಾಲ್ಕು ದಿನ ಕುರಿ ಕಾಯಲು ತಾವು ಬರುತ್ತಿದ್ದಿರಾ? ಅಲ್ಲದೆ, ನಮಗೆಂದೇ ತರಿಸಿದ ಯಂತ್ರ ಹತ್ತು ಹೆಜ್ಜೆ ದೂರದಲ್ಲಿರುವಾಗ ನಾವೇಕೆ ಊರೂರು ಅಲೆಯಬೇಕು?

ಡಾಕ್ಟರಮ್ಮ ಮೂರು ಸಲ ಔಷಧಿ ಇಟ್ಟು ಹಲ್ಲು ಮುಚ್ಚಿ ಕಾದರು. ನಾಲ್ಕನೆಯ ಸಲ ಇನ್ನು ಕಾಯುವಂತಿರಲಿಲ್ಲ. ಎಕ್ಸ್‌ರೇ ನಂಬಿ, ಕೈಯ ಅಂದಾಜಿನ ಮೇಲೆ ಸೂಜಿ ಇಳಿಸಿದರು. ಅವರು ಅನುಮಾನಪಟ್ಟಂತೆಯೇ ಬೇರು ಬಾಗಿತ್ತು, ಸೂಜಿ ದಾಟಿತು. ಎರಡು ದಿನದಲ್ಲಿ ಅಣ್ಣನ ಮುಖ ಕಣ್ಣಿನವರೆಗೆ ಊದಿತು. ಕಳೆದ ಗುರುವಾರ ಹಲ್ಲು ಕಿತ್ತರು. ಕೀಳುವಾಗ ಡಾಕ್ಟರಮ್ಮ “ತಪ್ಪು ತಿಳೀಬ್ಯಾಡ್ರಿ” ಎಂದು ಮೂರು ಬಾರಿ ಹೇಳಿದರು. ತಪ್ಪು ತಿಳಿಯಬೇಕಾದ್ದು ಅವರನ್ನಲ್ಲ ಎಂಬಷ್ಟು ಬುದ್ಧಿ ಕುರಿ ಕಾಯುವವನಿಗೂ ಇದೆ.

ಭಾನುವಾರ ಬೆಳಿಗ್ಗೆ ಅಣ್ಣ, ಬೇಡವೆಂದರೂ ಕೇಳದೆ, ಕುರಿ ಹೊಡೆದುಕೊಂಡು ಹೊರಟ. ರಸ್ತೆಯ ಅಂಚಿನಲ್ಲಿ ಸಿಳ್ಳೆ ಹಾಕಿದ. ಬರೀ ಗಾಳಿ ಬಂತು. ಮತ್ತೆ ಹಾಕಿದ, ಮತ್ತೆ ಗಾಳಿ. ಕುರಿಗಳು ನಿಲ್ಲಲಿಲ್ಲ. ಲಾರಿಯವನು ಪಾಪ ಬ್ರೇಕು ಒತ್ತಿದ, ಆದರೂ ಎರಡು ಹೋದವು, ಅದರಲ್ಲೊಂದು ಗಬ್ಬದ ಕುರಿ. ನಾನು ಅಂಗಡಿಯಿಂದ ಓಡಿಹೋದಾಗ ಅಣ್ಣ ಮಣ್ಣಲ್ಲಿ ಕೂತಿದ್ದ. “ಅವಕ್ಕೆ ನಾನು ಯಾರು ಅಂತ ಗೊತ್ತಾಗ್ಲಿಲ್ಲ ಕಣಪ್ಪ,” ಎಂದ. ಮುಚ್ಚುಮರೆ ಯಾಕೆ, ನಾನು ಅತ್ತೆ. ಕಟ್ಟುಹಲ್ಲು ಹಾಕಿಸಲಿ ಎನ್ನುತ್ತೀರಿ. ಒಸಡು ಮಾಗಲು ತಿಂಗಳುಗಳು ಬೇಕಂತೆ, ಆಮೇಲೂ ಆ ಸಿಳ್ಳೆ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಮುದ್ರೆ ಹಾಕಿ ಕೊಡುವುದಂತೂ ದೂರದ ಮಾತು.

ಅಣ್ಣನಿಗಾಗಿ ಈಗ ಕೇಳುವುದು ಏನೂ ಉಳಿದಿಲ್ಲ. ಆದರೆ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೂ ಒಂಬತ್ತು ಮಂದಿ ದವಡೆ ಹಿಡಿದುಕೊಂಡು ಕೂತಿದ್ದಾರೆ. ಬರುವ ಶನಿವಾರದೊಳಗೆ ಬೀರು ತೆರೆದು ಯಂತ್ರವನ್ನು ಡಾಕ್ಟರಮ್ಮನ ಕೈಗೆ ಕೊಡಿ. ಕೊಡದಿದ್ದರೆ ಸೋಮವಾರ ಆ ಒಂಬತ್ತು ಮಂದಿಯನ್ನೂ ಕರೆದುಕೊಂಡು ಬಂದು ತಮ್ಮ ಕಚೇರಿಯ ಬೆಂಚಿನ ಮೇಲೆ ಕೂರಿಸುತ್ತೇನೆ. ತಾವು ಬಯಸಿದ ಹಲ್ಲನ್ನು ಈ ಪತ್ರದ ಜೊತೆ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ, ತೊಳೆದಿದ್ದೇವೆ, ಮುಟ್ಟಲು ಹೇಸಬೇಡಿ. ಇದನ್ನು ಅಳೆಯಲು ಯಾವ ಯಂತ್ರವೂ ಬೇಡ, ಶಾಲೆ ಮಕ್ಕಳ ಸ್ಕೇಲು ಸಾಕು.

ಇಂತಿ,
ದಿನಾ ಬೆಳಿಗ್ಗೆ ಅಂಗಡಿ ಮುಚ್ಚಿ, ಕೆಂಪು ಟವೆಲ್ ಹಿಡಿದು ಲಾರಿಗಳಿಗೆ ಅಡ್ಡ ನಿಲ್ಲುವ,
ಗೊಲ್ಲಪ್ಪನ ತಮ್ಮ ಹರೀಶ್
ಬಾಗೂರು