ಕೆಟಲಿನ ಮೇಲಿನ ಹಾಳೆ

ಕಾರ್ಡಿಫ್
ಜೂನ್ 22, ಸೋಮವಾರ

ಪ್ರೀತಿಯ ಲೌರಿ,

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಅಬೆರಿಸ್ಟ್ವಿತ್‌ನ ಸಮುದ್ರದ ಗಾಳಿಗೆ ಕಿಟಕಿ ತೆರೆದಿಟ್ಟು ಮಲಗಬೇಡ ಎಂದು ಅಮ್ಮ ಮೂರು ಸಲ ಹೇಳಿ ಕಳಿಸಿದ್ದಾಳೆ. ನಾನು ಚೆನ್ನಾಗಿದ್ದೇನೆ, ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ. ಆಫೀಸಿನ ನೆಲಮಾಳಿಗೆಯಿಂದ ಕಡತ ಹೊತ್ತು ಹೊತ್ತು ಎಡ ಮೊಣಕಾಲು ನೋಯುತ್ತದೆ, ಅಷ್ಟೆ. ಅಜ್ಜಿ ಹೋಗಿ ನಾಲ್ಕು ವರ್ಷವಾದರೂ ನಾವಿಬ್ಬರೂ ಕಾಗದ ಬರೆಯುವುದನ್ನು ಬಿಟ್ಟಿಲ್ಲ ನೋಡು. 'ಫೋನಲ್ಲಿ ಸುಳ್ಳು ಸಲೀಸಾಗಿ ಬರುತ್ತೆ, ಕಾಗದದಲ್ಲಿ ಕೈ ತಡೆಯುತ್ತೆ' ಎನ್ನುತ್ತಿದ್ದಳಲ್ಲ.

ನಮ್ಮ ಆಫೀಸಿನ ತರಬೇತಿಗೆ ನೀನು ಹಾಕುವ ಅರ್ಜಿಯ ಕರಡು ಬಂದು ಹತ್ತು ದಿನವಾಯಿತು. 'ಅಕ್ಕಾ, ಕೆಂಪು ಪೆನ್ಸಿಲ್ ಹಿಡ್ಕೊಂಡು ಕೂತ್ಕೋ, ಚೂರೂ ಕರುಣೆ ತೋರಿಸ್ಬೇಡ. ನಿನ್ನ ಗುರುತು ನೋಡ್ದೆ ನಾನು ಕಳಿಸಲ್ಲ' ಎಂದು ಮೇಲೆ ಬರೆದಿದ್ದೆ. ನಿನ್ನ ಒಂದನೇ ಕ್ಲಾಸಿನ ಮಗ್ಗಿಯಿಂದ ಹಿಡಿದು ಇದೇ ಪೆನ್ಸಿಲ್ ಕೆಲಸ ನನಗೆ. ತಡವಾಯಿತು, ಕೆಲಸ ಜಾಸ್ತಿ ಇತ್ತು. ಕರಡನ್ನು ಇದರ ಜೊತೆಗೇ ಇಟ್ಟಿದ್ದೇನೆ. ಮೊದಲೆರಡು ಪುಟದಲ್ಲಿ ಅಲ್ಲಲ್ಲಿ ತಿದ್ದಿದ್ದೇನೆ, ಮೂರನೆಯದರಲ್ಲಿ ಹೇಳುವಂಥದ್ದೇನೂ ಇಲ್ಲ.

ಓದಿ ಹೊಟ್ಟೆ ಉರಿಯಿತು ಕಣೇ. ಮುಚ್ಚಿಟ್ಟು ಏನು ಪ್ರಯೋಜನ? ಟ್ರೆಹಾರ್ನ್ ಅಂಡ್ ಬೋವೆನ್‌ನಲ್ಲಿ ನಾನು ಐದು ವರ್ಷದಿಂದ ಕಡತ ಜೋಡಿಸುತ್ತಿದ್ದೇನೆ, ಸಾಲಿಸಿಟರ್ ವಕೀಲರು ಸಹಿ ಹಾಕುವ ಪತ್ರಗಳನ್ನು ಬರೆದುಕೊಡುತ್ತಿದ್ದೇನೆ. ತರಬೇತಿಗೆ ಮೂರು ಸಲ ಅರ್ಜಿ ಹಾಕಿದೆ, ಮೂರು ಸಲವೂ ಎರಡೇ ಸಾಲಿನ ಉತ್ತರ. ಪ್ರತಿ ಸೆಪ್ಟೆಂಬರಿನಲ್ಲಿ ಇಪ್ಪತ್ಮೂರು ವರ್ಷದ ಇಬ್ಬರು ಬಂದು 'ನೆರಿಸ್, ಸ್ಟೇಪ್ಲರ್ ಎಲ್ಲಿದೆ?' ಎಂದು ಕೇಳುತ್ತಾರೆ. ಎರಡು ವರ್ಷ ತರಬೇತಿ ಮುಗಿಸಿ ಅವರೇ ಸಾಲಿಸಿಟರ್ ಆಗಿ ನನಗೆ ಕೆಲಸ ಹೇಳುತ್ತಾರೆ. ಈಗ ನೀನು. ಆಫೀಸಿಗೆ ಇಬ್ಬರು ಪ್ರಿಚರ್ಡ್‌ಗಳಾಗುತ್ತೇವೆ. ಯಾರಾದರೂ ಫೋನ್ ಮಾಡಿ 'ಮಿಸ್ ಪ್ರಿಚರ್ಡ್ ಇದ್ದಾರಾ?' ಎಂದರೆ ಕೇಳುವುದು ನಿನ್ನನ್ನೇ. ನಾನು 'ಇನ್ನೊಬ್ಬಳು'.

ಇರಲಿ, ಬುದ್ಧಿ ಹೇಳು ಅಂದೆಯಲ್ಲ, ಕೇಳು. 'ಚಿಕ್ಕಂದಿನಿಂದಲೂ ನ್ಯಾಯವೆಂದರೆ ನನಗೆ ಪ್ರಾಣ' ಎಂದು ಶುರುಮಾಡಿದ್ದೀಯ, ಅದನ್ನು ಹೊಡೆದುಹಾಕಿದ್ದೇನೆ. ಚಿಕ್ಕಂದಿನಲ್ಲಿ ನಿನಗೆ ಪ್ರಾಣವಾಗಿದ್ದದ್ದು ನನ್ನ ಪಾಲಿನ ಚಾಕೊಲೇಟ್. ಅರ್ಜಿಗಳನ್ನೆಲ್ಲ ಮೊದಲು ಓದುವವರು ನಮ್ಮ ಹಿರಿಯ ಪಾಲುದಾರ ಗೆಥಿನ್ ಪ್ರಾಸರ್. 'ಪ್ರಾಣ' ಕಂಡರೆ ಅವರು ಪುಟವನ್ನೇ ಮಗುಚುತ್ತಾರೆ. ಬದಲಿಗೆ ನೀನು ಕೆಲಸ ಮಾಡಿದ ಮೀನು ಕರಿಯುವ ಅಂಗಡಿಯಲ್ಲಿ ಕುಡಿದು ಬಂದವನನ್ನು ಹೇಗೆ ಸಮಾಧಾನ ಮಾಡಿ ಸಾಲಿನಲ್ಲಿ ನಿಲ್ಲಿಸಿದೆ, ಅದನ್ನು ಬರಿ. 'ನಮ್ಮ ಹತ್ರ ಬರೋ ಕಕ್ಷಿದಾರರೂ ಅಂಥವರೇ' ಎನ್ನುತ್ತಾರೆ ಅವರು. 'ನೀವು ಮಾಡಿದ ಒಂದು ತಪ್ಪು ಹೇಳಿ' ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ, ನಿಜವಾದದ್ದನ್ನೇ ಹೇಳು. 'ನಾನು ಮಿತಿಮೀರಿ ದುಡಿಯುತ್ತೇನೆ' ಎಂದು ನಾನು ಜಂಬ ಮಾಡಿ ಕೆಟ್ಟೆ. ಇನ್ನು, ಬಾಗಿಲಲ್ಲಿ ಕೂತಿರುವ ಬೆಟಿ ಹಾಪ್ಕಿನ್‌ಗೆ ನೆನಪಿಟ್ಟುಕೊಂಡು ನಮಸ್ಕಾರ ಹೇಳು. ಎಲ್ಲರೂ ಹೋದ ಮೇಲೆ ಪ್ರಾಸರ್ ಹೊರಗೆ ಬಂದು 'ಬೆಟಿ, ಯಾರು ಮನುಷ್ಯರ ಥರ ಮಾತಾಡಿದ್ರು?' ಎಂದು ಕೇಳುತ್ತಾರೆ. ಹೋದ ವರ್ಷ ಕೇಂಬ್ರಿಡ್ಜ್‌ನಲ್ಲಿ ಓದಿದ ಹುಡುಗನೊಬ್ಬ ನೆನೆದ ಕೋಟನ್ನು ಅವಳ ಮೇಜಿನ ಮೇಲೆ ಎಸೆದು ಒಳಗೆ ಹೋಗಿದ್ದ. ಅಲ್ಲಿಗೇ ಅವನ ಕಥೆ ಮುಗಿಯಿತು.

ಮತ್ತೊಂದು. ನಮ್ಮ ಆಫೀಸಿನ ಅಡಿಗೆಮನೆಯಲ್ಲಿ ಚಹಾ ಕೆಟಲಿನ ಮೇಲೆ ಗೋಡೆಗೆ ಒಂದು ಹಾಳೆ ಚುಚ್ಚಿದ್ದಾರೆ. ಆರು ವರ್ಷದ ಹಿಂದಿನ ಯಾರದೋ ಅರ್ಜಿಯ ಕೊನೆಯ ಪುಟ. ಹೆಸರಿಗೆ ಕಪ್ಪು ಶಾಯಿ ಬಳಿದಿದ್ದಾರೆ. ನಮಗೇ ಕಳಿಸಿದ ಅರ್ಜಿಯಲ್ಲಿ ಆ ಹುಡುಗಿ 'ಗಾರ್ಮನ್ ಅಂಡ್ ಲೀಶಾನ್‌ನಲ್ಲಿ ಕೆಲಸ ಮಾಡುವುದು ನನ್ನ ಬಹುದಿನದ ಕನಸು' ಎಂದು ಬರೆದಿದ್ದಾಳೆ. ಗಾರ್ಮನ್‌ನವರು ಎದುರು ಬೀದಿಯಲ್ಲಿದ್ದಾರೆ, ಮೂವತ್ತು ವರ್ಷದಿಂದ ನಮ್ಮವರಿಗೂ ಅವರಿಗೂ ಎಣ್ಣೆ-ಸೀಗೆಕಾಯಿ. ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಇಪ್ಪತ್ತು ಆಫೀಸಿಗೆ ಕಳಿಸುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ಎಡವುತ್ತಾರೆ. ಹೊಸಬರು ಬಂದಾಗಲೆಲ್ಲ ಪ್ರಾಸರ್ ಅದನ್ನು ಗಟ್ಟಿಯಾಗಿ ಓದಿ ತೋರಿಸುತ್ತಾರೆ. 'ಇಂಥ ಇನ್ನೊಬ್ಬಳು ಬುದ್ಧಿವಂತೆ ಸಿಗೋವರೆಗೂ ಇದನ್ನ ಇಳಿಸಲ್ಲ, ಸಿಕ್ಕ ದಿನ ಇದಕ್ಕೆ ಬಿಡುಗಡೆ' ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ನಿನ್ನೆ ಭಾನುವಾರದ ಊಟಕ್ಕೆ ಅಮ್ಮನ ಮನೆಗೆ ಹೋಗಿದ್ದೆ. ಕುರಿಮಾಂಸ ಬಡಿಸುತ್ತ 'ಲೌರಿ ಬಿಡಮ್ಮ, ಹುಟ್ಟಾ ವಕೀಲೆ' ಎಂದಳು. ನನ್ನ ತಟ್ಟೆಗೆ ಮಾತ್ರ 'ನೀನೂ ಪ್ರಯತ್ನ ಪಟ್ಟೆ ಪಾಪ' ಎಂದು ಇನ್ನೊಂದು ಆಲೂಗಡ್ಡೆ ಹಾಕಿದಳು. ನಿನ್ನ ನೀಲಿ ರಿಬ್ಬನ್ ಇನ್ನೂ ಫ್ರಿಜ್ಜಿನ ಮೇಲೇ ಇದೆ. ನಿನಗೆ ಆರು ವರ್ಷ ಆಗ, ಶಾಲೆಯ ಹಾಡು-ಪದ್ಯಗಳ ಸ್ಪರ್ಧೆ ಐಸ್ಟೆಡ್‌ಫೊಡ್‌ನಲ್ಲಿ ಪದ್ಯ ಹೇಳುವಾಗ ನಡುವೆ ಮರೆತು ನಿಂತೆ. ಮುಂದಿನ ಸಾಲಿನಲ್ಲಿ ಕೂತು ತುಟಿಯಲ್ಲೇ ಹೇಳಿಕೊಟ್ಟವಳು ನಾನು. ರಿಬ್ಬನ್ ನಿನಗೆ ಬಂತು. ಹೇಳಿಕೊಡದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಆಲೂಗಡ್ಡೆ ನುಂಗುತ್ತ ಯೋಚಿಸಿದೆ. ಇಂಥ ಅಕ್ಕ ನಾನು, ತಿಳಿದಿರಲಿ.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅರ್ಜಿ ತೆಗೆದುಕೊಳ್ಳುವುದು ನಿಲ್ಲುತ್ತದೆ. ಕೊನೆಯ ಗಂಟೆವರೆಗೆ ಕಾಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಜೇನು ತಗೋ. ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ದೇವರು ನಿನಗೆ ಒಳ್ಳೆಯದು ಮಾಡಲಿ. ಇದನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದರೂ ಮಾಡಲಿ.

ನಿನ್ನ ಅಕ್ಕ
ನೆರಿಸ್

ತಾ.ಕ.: ಮಂಗಳವಾರ ಬೆಳಿಗ್ಗೆ, ಆಫೀಸಿನ ಅಡಿಗೆಮನೆ. ಅಂಟಿಸಿದ್ದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ, ಇಲ್ಲಿ ನೀರು ಕುದಿಯುತ್ತಿದೆ. ಮೂರನೆಯ ಪುಟದ ವಿಷಯ ನಾನು ಹೇಳಿದ್ದು ಸುಳ್ಳು. ಕೆಳಗಿನಿಂದ ಎರಡನೆಯ ಸಾಲು ನೋಡು, 'ಗಾರ್ಮನ್ ಅಂಡ್ ಲೀಶಾನ್‌ನ ಭಾಗವಾಗಲು' ಎಂದು ನೀನೂ ಬರೆದಿದ್ದೀಯ. ಕರಡು ಬಂದ ದಿನವೇ ಕಂಡಿತ್ತು. ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆಂದರೆ ಗೋಡೆಯ ಮೇಲಿರುವ ಹಾಳೆ ನನ್ನದು. ನಾನು ಇಲ್ಲಿ ಸೇರುವ ಮುಂಚೆ ಕಳಿಸಿದ್ದ ಮೊದಲನೆಯ ಅರ್ಜಿ. ಇಲ್ಲಿ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನಿನ್ನದು ಬಂದರೆ ನನ್ನದು ಇಳಿಯುತ್ತದೆ ಎಂದು ಕಾಯುತ್ತಿದ್ದೆ. ಇವತ್ತು ಚಹಾಕ್ಕೆ ಬಂದು ತಲೆ ಎತ್ತಿದರೆ ಆ ಕಪ್ಪು ಶಾಯಿಯ ಕೆಳಗೆ ನಿನ್ನ ಹೆಸರೇ ಕಂಡಂತಾಯಿತು, ಹೊಸಬರು ನಗುವುದು ಕೇಳಿದಂತಾಯಿತು. ನನ್ನಿಂದಾಗಲಿಲ್ಲ ಕಣೇ. ಕೆಂಪು ಪೆನ್ಸಿಲ್ ಮನೆಯಲ್ಲಿದೆ, ಪೆನ್ನಲ್ಲೇ ಸುತ್ತು ಹಾಕಿದ್ದೇನೆ. ಗುರುವಾರ ಸಂಜೆಯೊಳಗೆ 'ತಿದ್ದಿದೆ' ಎಂದು ನಿನ್ನಿಂದ ಸುದ್ದಿ ಬರದಿದ್ದರೆ ನಾಚಿಕೆ ಬಿಟ್ಟು ಫೋನ್ ಮಾಡುತ್ತೇನೆ. ಗಾರ್ಮನ್ ತೆಗೆದು ಟ್ರೆಹಾರ್ನ್ ಎಂದು ಬರಿ. ನನ್ನ ಹಾಳೆ ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ.